ಕೊನೇ ಸಾಲಿನ ಮುಖ

ಮುಂಬಯಿಯ ಮಾಟುಂಗದ ನಮ್ಮ ಗಲ್ಲಿ ತಿರುವಿನಲ್ಲಿ ರಾತ್ರೋರಾತ್ರಿ ಹೊಸ ಬ್ಯಾನರ್ ಎದ್ದಿದೆ. ಬೆಳಿಗ್ಗೆ ಹಾಲಿಗೆ ಹೋದವಳು ಅಲ್ಲೇ ನಿಂತು ಪೂರ್ತಿ ನೋಡಿದೆ. ಮೇಲೆ ಎಡಗಡೆ ರುದ್ರಾಕ್ಷಿ ಮಾಲೆಯ, ಶಿವಸೇನೆ ಕಟ್ಟಿದ ಬಾಳಾಸಾಹೇಬ್ ಠಾಕ್ರೆ. ಪಕ್ಕದಲ್ಲಿ ಕೈ ಮುಗಿದ ಮಗ ಉದ್ಧವ್. ನಡುವೆ ಆಳೆತ್ತರದ ಮೊಮ್ಮಗ ಆದಿತ್ಯ. ಕೆಳಗೆ ಅಂಚಿನಲ್ಲಿ ‘ಶುಭೇಚ್ಛುಕ’ ಅಂತ ಬರೆದು ಒಂದು ಸಾಲು ಪುಟ್ಟ ಪುಟ್ಟ ಮುಖಗಳು. ಆ ಸಾಲಿನ ಕಟ್ಟಕಡೆಗೆ ಇರುವವರು ನಮ್ಮ ಏರಿಯಾದ ಕಾರ್ಯಕರ್ತರು. ಮಳೆಗಾಲದಲ್ಲಿ ಗಟಾರ ಉಕ್ಕಿದರೆ, ನಲ್ಲಿಯಲ್ಲಿ ನೀರು ಬರದಿದ್ದರೆ, ಅಪರಾತ್ರಿಯಲ್ಲಿ ಆಂಬುಲೆನ್ಸ್ ಬೇಕಾದರೆ ನಾವೆಲ್ಲ ಫೋನ್ ಮಾಡುವುದು ಅವರಿಗೇ. ಬಿದಿರು ನೆಟ್ಟು ಬ್ಯಾನರ್ ಕಟ್ಟಿಸಿದವರೂ ಅವರೇ. ದುಡ್ಡೂ ಅವರದ್ದೇ ಇರಬೇಕು.

ಅವರ ಮುಖ ಗುರುತು ಹಿಡಿಯಲು ನಾನು ಕನ್ನಡಕ ಹಾಕಬೇಕಾಯಿತು. ಅಲ್ಲಿಂದ ಶುರುವಾಯಿತು ನನ್ನ ತಲೆಬಿಸಿ.

ಮೊದಲೇ ಹೇಳಿಬಿಡುತ್ತೇನೆ. ‘ನಿಂಗೆ ಠಾಕ್ರೆಗಳ ಮೇಲೆ ಹಳೇ ಸಿಟ್ಟು’ ಅಂತ ಕಾಮೆಂಟ್ ಹಾಕಬೇಡಿ. ಹಳೇ ಸಿಟ್ಟು ಇದೆ, ಇಲ್ಲ ಅನ್ನುವುದಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದದ್ದು, ‘ಲುಂಗಿ ಹಟಾವ್’ ಅಂತ ಕೂಗಿದ್ದು, 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿಯ ಹೆಸರಿನಲ್ಲಿ ಮುಂಬಯಿ ಹೊತ್ತಿ ಉರಿದದ್ದು, ಅಪ್ಪ ಗಿರಗಾವಿನ ಹೋಟೆಲಿನಲ್ಲಿ ಶಟರ್ ಎಳೆದು ಒಳಗೆ ಕೂತದ್ದು, ಇದನ್ನೆಲ್ಲ ನಿಮಗೆ ಹೇಳಿ ಹೇಳಿ ನನಗೇ ಬೇಜಾರಾಗಿದೆ. ಇವತ್ತಿನ ಸಿಟ್ಟು ಅದಲ್ಲ. ಇವತ್ತಿನದು ಆ ಕೊನೇ ಸಾಲಿನ ಮುಖದ ಪರವಾಗಿ.

ಈ ಮನೆಯ ಮೊದಲ ತಲೆಮಾರನ್ನು ನೋಡಿ. ಬಾಳಾಸಾಹೇಬರ ಅಪ್ಪ ಕೇಶವ ಸೀತಾರಾಮ್ ಠಾಕ್ರೆ, 1885ರಲ್ಲಿ ಹುಟ್ಟಿದವರು. 1921ರಲ್ಲಿ ‘ಪ್ರಬೋಧನ’ ಎಂಬ ಪತ್ರಿಕೆ ಶುರು ಮಾಡಿದರು. ಅದರಿಂದಲೇ ಪ್ರಬೋಧನಕಾರ ಎಂಬ ಹೆಸರು ಬಂತು. ಪುರೋಹಿತರ ದರ್ಬಾರು, ವರದಕ್ಷಿಣೆ, ಬಾಲ್ಯವಿವಾಹ, ಯಾವುದನ್ನೂ ಬಿಡದೆ ಜಾಡಿಸಿದವರು. ಹುಟ್ಟಿದ ಮನೆ ನೋಡಿ ಒಬ್ಬನನ್ನು ಮೇಲೆ ಕೂರಿಸುವುದನ್ನು ಒಪ್ಪದ ಮನುಷ್ಯ. ಈಗ ಅವರ ಮನೆಯಲ್ಲೇ ಹುಟ್ಟಿದರೆ ಸಾಕು, ನಾಯಕ. ಅಂದಹಾಗೆ ಬ್ಯಾನರಿನಲ್ಲಿ ಪ್ರಬೋಧನಕಾರರ ಫೋಟೋ ಇರಲಿಲ್ಲ. ಜಾಗ ಸಾಲಲಿಲ್ಲವೋ ಏನೋ.

ಎರಡನೇ ತಲೆಮಾರಿಗೆ ಯಾರೂ ಪಕ್ಷ ಕಟ್ಟಿ ಕೈಗೆ ಕೊಡಲಿಲ್ಲ, ಒಪ್ಪುತ್ತೇನೆ. ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ವ್ಯಂಗ್ಯಚಿತ್ರ ಬರೆಯುತ್ತಿದ್ದ ಬಾಳ್ ಠಾಕ್ರೆ 1960ರಲ್ಲಿ ‘ಮಾರ್ಮಿಕ್’ ಶುರು ಮಾಡಿದರು, ಆರು ವರ್ಷಕ್ಕೆ ಶಿವಸೇನೆ ಕಟ್ಟಿದರು. ಯಾರನ್ನು ಇಟ್ಟುಕೊಂಡು ಕಟ್ಟಿದರು? ಲಾಲ್‌ಬಾಗ್, ಪರೇಲ್, ಗಿರಗಾವಿನ ಚಾಳುಗಳ ಹುಡುಗರನ್ನು. ಬೈಕುಲಾ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುತ್ತಿದ್ದ ಛಗನ್ ಭುಜಬಲ್ ಮುಂಬಯಿಯ ಮೇಯರ್ ಆದರು. ಠಾಣೆಯಲ್ಲಿ ರಿಕ್ಷಾ ಓಡಿಸುತ್ತಿದ್ದ ಏಕನಾಥ್ ಶಿಂದೆ ಮಂತ್ರಿಯಾದರು. ಬೇರೆ ಪಕ್ಷದಲ್ಲಿ ಇಂಥವರು ಜಮಖಾನೆ ಹಾಸುವುದರಲ್ಲೇ ಮುದುಕರಾಗುತ್ತಿದ್ದರು. ಇದು ಸೇನೆಯ ದೊಡ್ಡ ಗುಣ. ಕಲ್ಲು ತಿಂದವರ ಮಗಳಾಗಿ ಹೇಳುತ್ತಿದ್ದೇನೆ, ನಂಬಿ.

ಆದರೆ ಕೊನೆಯ ಮೆಟ್ಟಿಲು ಮಾತ್ರ ಮನೆಯವರಿಗೆ. 1995ರಲ್ಲಿ ಮನೋಹರ್ ಜೋಶಿ ಮುಖ್ಯಮಂತ್ರಿ ಆದಾಗ ರಿಮೋಟ್ ಕಂಟ್ರೋಲ್ ತನ್ನ ಕೈಯಲ್ಲಿದೆ ಅಂತ ಬಾಳಾಸಾಹೇಬರು ರಾಜಾರೋಷವಾಗಿ ಹೇಳುತ್ತಿದ್ದರು. ಒಂದು ಚುನಾವಣೆಗೂ ನಿಲ್ಲದೆ ರಾಜ್ಯ ಆಳಿದರು. 2003ರಲ್ಲಿ ಮಹಾಬಳೇಶ್ವರದಲ್ಲಿ ಉದ್ಧವ್ ಕಾರ್ಯಾಧ್ಯಕ್ಷರಾದರು. ಆ ಠರಾವು ಮಂಡಿಸಿದ್ದು ಯಾರು ಗೊತ್ತಾ? ಉದ್ಧವರ ಚಿಕ್ಕಪ್ಪನ ಮಗ ರಾಜ್! 2010ರ ದಸರಾ ಸಭೆಯಲ್ಲಿ ಇಪ್ಪತ್ತು ವರ್ಷದ ಆದಿತ್ಯರ ಕೈಗೆ ಖಡ್ಗ ಕೊಟ್ಟು ಯುವಸೇನೆ ಒಪ್ಪಿಸಿದ್ದೂ ಆಯಿತು. ಶಿವಾಜಿ ಪಾರ್ಕಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಇಪ್ಪತ್ತು ವರ್ಷಕ್ಕೆ ನಮ್ಮ ಕೊನೇ ಸಾಲಿನವರು ಏನು ಮಾಡುತ್ತಿದ್ದರೋ. ಗೋಡೆಗೆ ಸುಣ್ಣದಲ್ಲಿ ಸೇನೆಯ ಹುಲಿ ಬರೆಯುತ್ತಿದ್ದರು ಅನ್ನಿಸುತ್ತದೆ.

ಇಲ್ಲಿಂದ ಮುಂದೆ ಇದೆ ನೋಡಿ ಮಜಾ. ಆ ಮೆಟ್ಟಿಲು ಸಿಗದೆ ಸಿಟ್ಟಾಗಿ ಹೊರಟವರ ಕಥೆ. ಭುಜಬಲ್ 1991ರಲ್ಲಿ ಹೊರಟರು. ಅವರ ಮಗ ಶಾಸಕ, ಅಣ್ಣನ ಮಗ ಸಂಸದ ಆದರು. ಉದ್ಧವ್ ಜೊತೆ ಜಗಳವಾಗಿ ನಾರಾಯಣ್ ರಾಣೆ 2005ರಲ್ಲಿ ಹೊರಬಿದ್ದರು. ಅವರ ಇಬ್ಬರು ಗಂಡುಮಕ್ಕಳೂ ಇವತ್ತು ಶಾಸಕರು, ಒಬ್ಬರು ಮಂತ್ರಿ, ಅಪ್ಪ ಸಂಸದ. ಊಟದ ಮೇಜಿನಲ್ಲೇ ಕೋರಂ! ರಾಜ್ ಹೊರಟು 2006ರಲ್ಲಿ ಮನಸೇ, ಅಂದರೆ ಮಹಾರಾಷ್ಟ್ರ ನವನಿರ್ಮಾಣ ಸೇನೆ ಕಟ್ಟಿದರು. 2024ರಲ್ಲಿ ಅವರ ಮಗ ಅಮಿತ್ ಮಾಹಿಮಿನಲ್ಲಿ ಅಭ್ಯರ್ಥಿ. 2022ರಲ್ಲಿ ಶಿಂದೆ ಪಕ್ಷವನ್ನೇ ಒಡೆದರು, ಮರುವರ್ಷ ಚುನಾವಣಾ ಆಯೋಗ ಪಕ್ಷದ ಚಿಹ್ನೆ ಬಿಲ್ಲು ಬಾಣವನ್ನೂ ಅವರಿಗೇ ಕೊಟ್ಟಿತು. ಸಾಮಾನ್ಯ ಕಾರ್ಯಕರ್ತನ ಸೇನೆ ಇದು ಅಂದರು. ಅವರ ಮಗ ಶ್ರೀಕಾಂತ್ 2014ರಿಂದ ಕಲ್ಯಾಣದ ಸಂಸದ. ಒಂದು ಮನೆತನ ಸಾಕಪ್ಪಾ ಅಂತ ಹೊರಟವರು ಹೋಗಿ ಕಟ್ಟಿದ್ದು ಇನ್ನೊಂದು ಮನೆತನ. ಕೊನೇ ಸಾಲಿನವನು ಮಾತ್ರ ಯಾವ ಬ್ಯಾನರಿಗೆ ಹೋದರೂ ಕೊನೇ ಸಾಲಿನಲ್ಲೇ.

2024ರ ವರ್ಲಿ ನೆನಪಿದೆ ಅಲ್ವಾ? ಆದಿತ್ಯರ ಎದುರು ಮಿಲಿಂದ್ ದೇವರಾ, ಕಾಂಗ್ರೆಸ್ಸಿನ ಕೇಂದ್ರ ಮಂತ್ರಿಯಾಗಿದ್ದ ಮುರಳಿ ದೇವರಾ ಅವರ ಮಗ. ಯಾವ ಕಡೆ ಬಟನ್ ಒತ್ತಿದರೂ ಬರುವುದು ಒಬ್ಬ ವಾರಸುದಾರ. ಇದ್ದದ್ದರಲ್ಲಿ ನನಗೆ ಖುಷಿ ಕೊಟ್ಟದ್ದು ಮಾಹಿಮ್. ಅಮಿತ್ ಮೂರನೇ ಸ್ಥಾನಕ್ಕೆ ಹೋದರು, ಗೆದ್ದವರು ಮಹೇಶ್ ಸಾವಂತ್, ಸೇನೆಯ ಏರಿಯಾ ಶಾಖೆಯಿಂದ ಬೆಳೆದ ಕಾರ್ಯಕರ್ತ. ಅಂದು ರಾತ್ರಿ ಮನೆಯಲ್ಲಿ ಪಾಯಸ ಮಾಡುವಷ್ಟು ಖುಷಿಯಾಗಿತ್ತು. ಆಮೇಲೆ ಗಂಡ ನೆನಪಿಸಿದರು, ಅವರಿಗೆ ಟಿಕೆಟ್ ಕೊಟ್ಟದ್ದೂ ಇನ್ನೊಬ್ಬ ಠಾಕ್ರೆಯೇ ತಾನೇ ಅಂತ. ಈ ಮನುಷ್ಯನಿಗೆ ಪಾಯಸ ಯಾಕೆ ಹಾಕಬೇಕು ಹೇಳಿ.

ಈ ವಿಷಯ ಎತ್ತಿದರೆ ನಮ್ಮ ಹೋಟೆಲ್ ಬಳಗದವರ ಹತ್ತಿರ ಒಂದೇ ಉತ್ತರ ರೆಡಿ ಇರುತ್ತದೆ. “ಅಕ್ಕ, ನಮ್ಮ ಮಗ ನಮ್ಮ ಗಲ್ಲಾದಲ್ಲಿ ಕೂರುವುದಿಲ್ವಾ? ಡಾಕ್ಟರ ಮಗ ಡಾಕ್ಟರ್ ಆಗುವುದಿಲ್ವಾ? ರಾಜಕಾರಣಿಯ ಮಗನಿಗೆ ಮಾತ್ರ ಯಾಕೆ ನಿಮ್ಮ ತಕರಾರು?” ಕೂರಲಿ ಮಾರಾಯ್ರೇ. ಆದರೆ ನಿಮ್ಮ ಗಲ್ಲಾದ ದುಡ್ಡು ನಿಮ್ಮದು. ಮುಂಬಯಿ ಪಾಲಿಕೆಯ 2025-26ರ ಬಜೆಟ್ 74,427 ಕೋಟಿ ರೂಪಾಯಿ, ಅದು ಯಾರ ಅಪ್ಪನದೂ ಅಲ್ಲ. ಮತ್ತೆ, ನಿಮ್ಮ ಮಗ ಗಲ್ಲಾಕ್ಕೆ ಬರುವ ಮೊದಲು ನೀವು ಅವನ ಕೈಯಲ್ಲಿ ಟೇಬಲ್ ಒರೆಸಿದ್ದೀರಿ, ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ದಾದರ್ ಮಾರ್ಕೆಟ್ಟಿಗೆ ತರಕಾರಿ ತರಲು ಕಳಿಸಿದ್ದೀರಿ. ಸಾಂಬಾರು ಕೆಟ್ಟರೆ ಗಿರಾಕಿ ನಾಳೆ ಎದುರಿನ ಹೋಟೆಲಿಗೆ ಹೋಗುತ್ತಾನೆ. ಇಲ್ಲಿ ಎದುರಿನ ಹೋಟೆಲಿನ ಗಲ್ಲಾದಲ್ಲೂ ಚಿಕ್ಕಪ್ಪನ ಮಗನೇ ಕೂತಿದ್ದಾನಲ್ಲ! ಡಾಕ್ಟರ ಮಗನಾದರೂ ಪರೀಕ್ಷೆ ಬರೆಯಬೇಕು. ಜನ ವೋಟು ಹಾಕುತ್ತಾರಲ್ಲ, ಅದೇ ಪರೀಕ್ಷೆ ಅನ್ನುತ್ತೀರಾ? ವೋಟಿಗೆ ಮೊದಲು ಟಿಕೆಟ್ ಅಂತ ಒಂದು ಇದೆ. ಆ ಬಾಗಿಲ ಹೊರಗೇ ಕೊನೇ ಸಾಲಿನವನ ಕಥೆ ಮುಗಿದಿರುತ್ತದೆ.

ಊರಿನ ಗೆಳೆಯರೇ, ನೀವು ಜಾಸ್ತಿ ನಗಬೇಡಿ. ಹಾಸನ, ರಾಮನಗರ, ಶಿಕಾರಿಪುರದ ಕಥೆ ನನಗೂ ಗೊತ್ತು. ಸೊರಬದಲ್ಲಿ ಬಂಗಾರಪ್ಪನವರ ಇಬ್ಬರು ಮಕ್ಕಳು ಎದುರುಬದುರು ನಿಂತು 2013ರಲ್ಲಿ ತಮ್ಮ, 2018ರಲ್ಲಿ ಅಣ್ಣ, 2023ರಲ್ಲಿ ಮತ್ತೆ ತಮ್ಮ ಗೆದ್ದದ್ದೂ ಗೊತ್ತು. ಇನ್ನು ‘ಕುಟುಂಬ ರಾಜಕಾರಣ’ ಅಂತ ದಿನಾ ಭಾಷಣ ಬಿಗಿಯುವ ಪಕ್ಷದ ಫಡಣವೀಸ್ ಅವರ ಅಪ್ಪ ವಿಧಾನ ಪರಿಷತ್ತಿನಲ್ಲಿದ್ದರು, ಚಿಕ್ಕಮ್ಮ ಮಂತ್ರಿಯಾಗಿದ್ದರು. ಸಾಕು, ಮುಂದೆ ಹೋಗೋಣ.

ಒಂದು ಮಾತು ಹೇಳಿದರೆ ನೀವು ಆಡಿಕೊಳ್ಳುತ್ತೀರಿ. 2025ರ ಜುಲೈ 5ರಂದು, ಹಿಂದಿ ಹೇರಿಕೆಯ ಆದೇಶ ವಾಪಸಾದ ಖುಷಿಗೆ ವರ್ಲಿಯಲ್ಲಿ ಉದ್ಧವ್ ಮತ್ತು ರಾಜ್ ವೇದಿಕೆ ಮೇಲೆ ತಬ್ಬಿಕೊಂಡರಲ್ಲ, ಟೀವಿ ಮುಂದೆ ಕೂತ ನನಗೂ ಕಣ್ಣು ತುಂಬಿತು. ಯಾಕೆ ಅಂತ ಈಗಲೂ ಗೊತ್ತಿಲ್ಲ. ನನಗೂ ಅವರಿಗೂ ಏನು ಸಂಬಂಧ? ನಮ್ಮ ಮನೆಯಲ್ಲಿ ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾದವು, ಅದಕ್ಕಿರಬೇಕು. ಈ ಮನೆತನಗಳ ಜೀವ ಇರುವುದೇ ಅಲ್ಲಿ. ಅವರ ಜಗಳ ನಮ್ಮ ಮನೆಯ ಜಗಳದ ಹಾಗೆ ಕಾಣುತ್ತದೆ. ಅಜ್ಜ, ಸೊಸೆ, ಮುನಿಸು, ರಾಜಿ ಅಂತ ನೋಡುತ್ತ ಕೂತರೆ ಗಟಾರದ ಲೆಕ್ಕ ಕೇಳಲು ಯಾರಿಗೆ ಪುರುಸೊತ್ತು? ಕೊನೇ ಸಾಲಿನವರ ಮುನಿಸನ್ನು ಯಾವ ಚಾನೆಲ್ ತೋರಿಸುತ್ತದೆ?

ಅಂಥವರಿಗೆ ಸಿಗಬಹುದಾದ ಕುರ್ಚಿ ಅಂದರೆ ಹೆಚ್ಚೆಂದರೆ ನಗರಸೇವಕನದು, ಅಂದರೆ ಪಾಲಿಕೆ ಸದಸ್ಯನದು. ಪಾಲಿಕೆಯ ಅವಧಿ 2022ರ ಮಾರ್ಚ್‌ಗೇ ಮುಗಿದಿತ್ತು, ಚುನಾವಣೆ ಆದದ್ದು 2026ರ ಜನವರಿಯಲ್ಲಿ. ಸುಮಾರು ನಾಲ್ಕು ವರ್ಷ ಆ ಕುರ್ಚಿಯೇ ಇರಲಿಲ್ಲ! ಮನೆತನದ ಮಕ್ಕಳಿಗೆ ಅಷ್ಟು ದಿನ ಕಾಯುವ ಪಾಡು ಎಲ್ಲಿ ಬಂತು? ಅಷ್ಟೂ ಕಾಲ ನಾವೆಲ್ಲ ಚರ್ಚೆ ಮಾಡಿದ್ದು ಬಾಳಾಸಾಹೇಬರ ನಿಜವಾದ ವಾರಸುದಾರ ಯಾರು ಅಂತ. ನಾನೂ ಮಾಡಿದ್ದೇನೆ, ಕಟ್ಟೆ ಮೇಲೆ ಕೂತು, ಗಂಟೆಗಟ್ಟಲೆ.

ಹಾಲು ತಂದು ಕಾಫಿಗಿಟ್ಟು ಮೊಬೈಲ್ ತೆಗೆದರೆ ನಮ್ಮ ಕನ್ನಡ ಸಂಘದ ನೋಟೀಸು. ಭಾನುವಾರ ವಾರ್ಷಿಕ ಸಭೆ. ಅಧ್ಯಕ್ಷರ ಸುಪುತ್ರರು ಜಂಟಿ ಕಾರ್ಯದರ್ಶಿ ಸ್ಥಾನಕ್ಕೆ ‘ಅವಿರೋಧವಾಗಿ ಆಯ್ಕೆಯಾಗಲಿದ್ದಾರೆ’ ಅಂತ ಸಭೆಗೆ ಮೊದಲೇ ಅಚ್ಚಾಗಿದೆ. ಹುಡುಗ ಒಳ್ಳೆಯವನೇ. ಕಳೆದ ಬಾರಿಯ ರಾಜ್ಯೋತ್ಸವಕ್ಕೆ ಬಂದು ಸೆಲ್ಫಿ ತೆಗೆದುಕೊಂಡು ಹೋಗಿದ್ದ. ಕುರ್ಚಿ ಜೋಡಿಸಿದವರು, ಉಪ್ಪಿಟ್ಟು ಬಡಿಸಿದವರು ಯಾರು ಅಂತ ನಿಮಗೆ ಗೊತ್ತು.

ನಾಮಪತ್ರ ತುಂಬಿಸಿ ಇಟ್ಟಿದ್ದೇನೆ, ನನ್ನದೇ. ಸೂಚಕರು ಒಬ್ಬರು, ಅನುಮೋದಕರು ಒಬ್ಬರು ಬೇಕು. ಶುಕ್ರವಾರ ಸಂಜೆಯೊಳಗೆ ಕೊಡಬೇಕಂತೆ. ಧೈರ್ಯ ಇದ್ದವರು ಇನ್‌ಬಾಕ್ಸಿಗೆ ಬನ್ನಿ. ಸುಮ್ನೆ ಲೈಕ್ ಒತ್ತಿ ಹೋಗಬೇಡಿ.