ಮೋಟರ್ ರೂಮಿನ ಬೀಗದಕೈ

ಇವತ್ತೂ ಬೀಗದಕೈ ಚರಂಡಿಯಲ್ಲೇ ಸಿಕ್ಕಿತು. ಸ್ನಾನದ ಮಧ್ಯೆ ನೀರು ನಿಂತರೆ ಏನು ಮಾಡ್ತೀರಿ? ಟವೆಲ್ ಸುತ್ತಿಕೊಂಡು, ತಲೆ ತುಂಬಾ ನೊರೆ ಹೊತ್ತು, ಹಾಸನದ ಬೆಳಗಿನ ಚಳಿಯಲ್ಲಿ ಅಂಗಳಕ್ಕೆ ಬಂದು ಕೂಗುತ್ತೀರಿ. ನಾನೂ ಕೂಗಿದೆ.

ಮೇಲಿನ ಮನೆಯ ಓನರ್ ರಿಟೈರ್ಡ್ ಫಿಸಿಕ್ಸ್ ಮೇಷ್ಟ್ರು. ಮಂಡಿನೋವು, ಮೆಟ್ಟಿಲು ಇಳಿಯುವುದಿಲ್ಲ. ಮೋಟರ್ ರೂಮಿನ ಬೀಗದಕೈಯನ್ನು ಪ್ಯಾರಾಪೆಟ್ ಮೇಲಿಂದ ಎಸೆಯುತ್ತಾರೆ. ಅದೂ ನೆಟ್ಟಗೆ ಅಡ್ಡಕ್ಕೆ.

"ಮೇಷ್ಟ್ರೇ, ಸ್ವಲ್ಪ ಮೆಲ್ಲಗೆ ಎಸೀರಿ. ಹಿಡಿಯೋಕೆ ಟೈಮ್ ಸಿಗುತ್ತೆ" ಅಂದೆ.

ಪಾಠ ಶುರುವಾಯಿತು.

"ಮೆಲ್ಲಗೆ ಎಸೆದ್ರೂ ಅಷ್ಟೇ, ಜೋರಾಗಿ ಎಸೆದ್ರೂ ಅಷ್ಟೇ ಕಣಯ್ಯಾ. ಅಡ್ಡ ಓಟ ಬೇರೆ, ಕೆಳಗೆ ಬೀಳೋದು ಬೇರೆ. ಗೆಲಿಲಿಯೋ 1638ರಲ್ಲೇ ಪುಸ್ತಕದಲ್ಲಿ ಹಾಕಿದಾನೆ. ಇಲ್ಲಿಂದ ನೆಲಕ್ಕೆ ಎಷ್ಟು? 5 ಮೀಟರ್. ಎರಡರಿಂದ ಗುಣಿಸು."

"ಹತ್ತು." ನೊರೆ ಹುಬ್ಬು ದಾಟಿತ್ತು.

"ಗುರುತ್ವಾಕರ್ಷಣೆಯ 9.8ರಿಂದ ಭಾಗಿಸು. ವರ್ಗಮೂಲ ತೆಗಿ."

ಕಣ್ಣು ಉರಿಯುತ್ತಿತ್ತು. ಎದುರುಮನೆ ಆಂಟಿ ರಂಗೋಲಿ ನಿಲ್ಲಿಸಿ ನನ್ನ ವರ್ಗಮೂಲಕ್ಕೆ ಕಾಯುತ್ತಿದ್ದರು.

"ಸುಮಾರು ಒಂದು ಸೆಕೆಂಡು, ಮೇಷ್ಟ್ರೇ."

"ಕರೆಕ್ಟ್! ಅದೂ ನೆಲ ಮುಟ್ಟೋಕೆ. ಕೈ ಎತ್ತಿ ಹಿಡಿಯೋದಾದ್ರೆ ಇಳಿಯೋದು 3 ಮೀಟರ್, ಸಿಗೋದು ಮುಕ್ಕಾಲು ಸೆಕೆಂಡು ಚಿಲ್ಲರೆ. ವೇಗ ಜಾಸ್ತಿಯಾದ್ರೆ ದೂರ ಜಾಸ್ತಿ ಆಗುತ್ತೆ, ಟೈಮ್ ಅಲ್ಲ. ಸೆಕೆಂಡಿಗೆ 8 ಮೀಟರ್ ವೇಗ ಅಂದ್ರೆ ಎಲ್ಲಿ ಬೀಳುತ್ತೆ?"

ಉತ್ತರ ಬೀಗದಕೈಯೇ ಹೇಳಿತು. ತಲೆ ಮೇಲೆ ಹಾದು ಹೋಗಿ, ಕಾಂಪೌಂಡ್ ಆಚೆ, ಬುಳುಕ್.

ಇದೇ ಊರಿನ ಸಾಲಗಾಮೆ ರಸ್ತೆಯಲ್ಲಿ ಕೂತು ಇಸ್ರೋದವರು 36,000 ಕಿಲೋಮೀಟರ್ ಮೇಲಿನ ಉಪಗ್ರಹಗಳನ್ನು 1982ರಿಂದ ಅಂಕೆಯಲ್ಲಿ ಇಟ್ಟಿದ್ದಾರೆ. ನಮಗೆ 5 ಮೀಟರ್ ಮೇಲಿನ ಬೀಗದಕೈ ದಕ್ಕುವುದಿಲ್ಲ.

ಸುಮ್ನೆ ನೇರ ಕೆಳಗೆ ಬಿಟ್ಟರೆ ಆಗಲ್ವಾ? ಅದಕ್ಕೂ ಅದೇ ಒಂದು ಸೆಕೆಂಡು ತಾನೇ? ಆಗಲ್ಲ. ಪ್ಯಾರಾಪೆಟ್ ಕೆಳಗೆ ಅಮ್ಮಾವ್ರ ತುಳಸಿಕಟ್ಟೆ ಇದೆ. ಅವರಿದ್ದಾಗ ಬೀಗದಕೈ ಬುಟ್ಟಿಯಲ್ಲಿ ಇಳಿಯುತ್ತಿತ್ತು, ಜೊತೆಗೆ ಒಂದೆರಡು ಚಕ್ಕುಲಿಯೂ. ಹಗ್ಗ ಈಗಲೂ ಅಲ್ಲೇ ಸುತ್ತಿಟ್ಟಿದೆ. ಮೇಷ್ಟ್ರು ಅದನ್ನು ಮುಟ್ಟುವುದಿಲ್ಲ, ನಾನೂ ಕೇಳುವುದಿಲ್ಲ.

ಕಡ್ಡಿಯಿಂದ ಬೀಗದಕೈ ಎತ್ತುವಾಗ ಮೇಲಿಂದ ದನಿ ಬಂತು.

"ನಿಂಗೆ ಟೈಮ್ ಜಾಸ್ತಿ ಬೇಕು ಅಲ್ವೇನಯ್ಯಾ? ನಾಳೆ ಓರೆಯಾಗಿ ಮೇಲಕ್ಕೆ ಎಸೀತೀನಿ. ಹೆಲ್ಮೆಟ್ ಹಾಕ್ಕೊಂಡು ಬಾ."