ಕಾಣದ ಊರಿಗೆ 'ವಾಪಸ್' ಕಳಿಸುವುದು ಹೇಗೆ?

ಆಶ್ರಯ ಕೇಳಿ ಬಂದ ಅಫ್ಘನ್ ಹುಡುಗರನ್ನು ಯುರೋಪ್ 'ಅವರ ದೇಶಕ್ಕೆ' ವಾಪಸ್ ಕಳಿಸಿದ್ದರಲ್ಲಿ ತಪ್ಪೇನು, ಬ್ರಿಟನ್ ಅವರನ್ನು ಚೆನ್ನಾಗಿ ನೋಡಿಕೊಂಡಿತು, ಕಾಬೂಲ್ ಕೂಡ ಸುರಕ್ಷಿತವಾಗಿತ್ತಲ್ಲ ಎಂದು ಒಂದು ಲೇಖನದಲ್ಲಿ ಅದರ ಲೇಖಕರು ಕೇಳಿದ್ದಾರೆ. ಅದಕ್ಕೆ ನನ್ನ ಉತ್ತರ ಇದು. ತಪ್ಪು ಅಲ್ಲೇ ಇದೆ. ಒಬ್ಬಂಟಿಯಾಗಿ ಬಂದ ಹಜಾರಾ (ಅಫ್ಘಾನಿಸ್ತಾನದ ಒಂದು ಅಲ್ಪಸಂಖ್ಯಾತ ಜನಾಂಗ) ಹುಡುಗರಲ್ಲಿ ಎಷ್ಟೋ ಮಂದಿ ಹುಟ್ಟಿ ಬೆಳೆದದ್ದು ಇರಾನಿನಲ್ಲಿ. ಅಪ್ಪ ಅಫ್ಘನ್ ಆದ್ದರಿಂದ ಅಲ್ಲಿ ಪೌರತ್ವ ಸಿಗಲಿಲ್ಲ. ಕಾಬೂಲನ್ನು ಅವರು ಕಂಡೇ ಇಲ್ಲ. ಅಲ್ಲಿ ಇಳಿದು ಬಾಯಿ ಬಿಟ್ಟರೆ ಇರಾನಿ ಧಾಟಿಯ ಮಾತು, ಹೊರಗಿನವನು ಅಂತ ಅಂಗಡಿಯವನಿಗೂ ಗೊತ್ತಾಗುತ್ತದೆ.

ಬ್ರಿಟನ್ ಈ ಮಕ್ಕಳನ್ನು ಚೆನ್ನಾಗಿ ನೋಡಿಕೊಂಡಿತು ಅನ್ನುವುದು ಅರ್ಧ ಮಾತು. ಆಶ್ರಯ ನಿರಾಕರಿಸಿದವರಿಗೂ ಹದಿನೇಳೂವರೆ ವಯಸ್ಸಿನವರೆಗೆ ಇರಲು ಬಿಟ್ಟರು, ಶಾಲೆಗೆ ಸೇರಿಸಿದರು, ನಿಜ. ವಯಸ್ಸು ತುಂಬಿದ ಮೇಲೆ ಅದೇ ಹುಡುಗರನ್ನು ಹಿಡಿದು ವಿಮಾನ ಹತ್ತಿಸಿದ್ದೂ ನಿಜ ಅಲ್ವಾ?

ಇನ್ನು ಕಾಬೂಲ್ 'ಸಾಕಷ್ಟು ಸುರಕ್ಷಿತ'ವಾಗಿತ್ತಂತೆ! ಸುಮ್ನೆ 2017ರ ಮೇ 31 ನೆನಪಿಸಿಕೊಳ್ಳಿ. ಅವತ್ತು ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಗಡೀಪಾರು ಮಾಡಲು ಪೊಲೀಸರು ಒಬ್ಬ ಅಫ್ಘನ್ ವಿದ್ಯಾರ್ಥಿಯನ್ನು ಶಾಲೆಯಿಂದಲೇ ಎಬ್ಬಿಸಿಕೊಂಡು ಹೋದರು. ಜೊತೆಗೆ ಓದುವವರು ಪೊಲೀಸ್ ಗಾಡಿಯ ಮುಂದೆ ರಸ್ತೆಯಲ್ಲೇ ಕುಳಿತುಬಿಟ್ಟರು. ನನಗೆ ಇವತ್ತಿಗೂ ಅವರ ಮೇಲೆ ಗೌರವ ಜಾಸ್ತಿ. ಅದೇ ಬೆಳಿಗ್ಗೆ ಕಾಬೂಲಿನ ಜರ್ಮನ್ ರಾಯಭಾರ ಕಚೇರಿ ಹತ್ತಿರ ಲಾರಿ ಬಾಂಬ್ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಅಷ್ಟು ಕಾವಲಿನ ಜಾಗದಲ್ಲೇ ಹೀಗಾದರೆ, ಕರೆದುಕೊಂಡು ಹೋಗಲು ಒಬ್ಬ ನೆಂಟನೂ ಇಲ್ಲದ ಹುಡುಗ ಎಲ್ಲಿ ಹೋಗಬೇಕಿತ್ತು? ಲೇಖಕರು ಇದಕ್ಕೆ ಉತ್ತರ ಕೊಡಲಿ. ಅಂದಿನ ಗಡೀಪಾರು ವಿಮಾನವೇನೋ ರದ್ದಾಯಿತು. ಸೆಪ್ಟೆಂಬರಿನಲ್ಲಿ ಜರ್ಮನಿ ಮತ್ತೆ ಕಳಿಸಲು ಶುರು ಮಾಡಿತು.