ಏಳನೆಯ ಪಂದ್ಯ, ಒಂದು ಗೋಲು

ಇಂದು 2025ರ ಮೇ 19, ಕೆನಡಾದಲ್ಲಿ ವಿಕ್ಟೋರಿಯಾ ಡೇ ರಜೆ. ನಮ್ಮ ಬೀದಿಯವರೆಲ್ಲ ಹಿತ್ತಲಿನ ಮಣ್ಣು ಕೆದಕಿ ಟೊಮೆಟೊ ಸಸಿ ನೆಡುತ್ತಿರುವ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ಮೂರನೆಯ ಲೋಟ ಕಾಫಿ ಹಿಡಿದು ಕುಳಿತು, ಬರೆಯಬಾರದೆಂದು ಬೆಳಿಗ್ಗೆಯೇ ನಿಶ್ಚಯಿಸಿದ್ದ ಈ ಬರಹವನ್ನು ಬರೆಯುತ್ತಿದ್ದೇನೆ. ಕಳೆದ ವರ್ಷ ಮೇ ತಿಂಗಳಲ್ಲಿ ಇದೇ ವಿಷಯಕ್ಕೆ ಇಲ್ಲಿ ಬರೆದದ್ದನ್ನು ಹುಡುಕಿ ಓದಿದೆ. ಎದುರಾಳಿಯ ಹೆಸರೊಂದನ್ನು ಬದಲಿಸಿದರೆ ಅದನ್ನೇ ಮತ್ತೆ ಹಾಕಬಹುದಿತ್ತು. ಅಷ್ಟರಮಟ್ಟಿಗೆ ನಮ್ಮ ಐಸ್ ಹಾಕಿ ತಂಡ ಟೊರಾಂಟೊ ಮೇಪಲ್ ಲೀಫ್ಸ್ ನನ್ನ ಶ್ರಮವನ್ನು ಉಳಿಸುತ್ತದೆ.

ನಿನ್ನೆ ರಾತ್ರಿ ಟೊರಾಂಟೊದಲ್ಲಿ, ನಮ್ಮದೇ ಅಂಗಳದಲ್ಲಿ, ಫ್ಲೋರಿಡಾ ಪ್ಯಾಂಥರ್ಸ್ 6, ಮೇಪಲ್ ಲೀಫ್ಸ್ 1. ಸರಣಿಯ ಮೊದಲ ಎರಡು ಪಂದ್ಯಗಳನ್ನು ಗೆದ್ದು, ಮುಂದಿನ ಮೂರನ್ನು ಸಾಲಾಗಿ ಸೋತು, ಶುಕ್ರವಾರ ಫ್ಲೋರಿಡಾಕ್ಕೇ ಹೋಗಿ ಆರನೆಯದನ್ನು 2-0ರಿಂದ ಗೆದ್ದು, ಸತ್ತೇ ಹೋಗಿದ್ದ ಆಸೆಯನ್ನು ಎಬ್ಬಿಸಿ ಕೂರಿಸಿ, ಭಾನುವಾರ ರಾತ್ರಿ ಅದನ್ನು ಎಲ್ಲರೆದುರು ಮತ್ತೆ ಮಲಗಿಸಿದರು. ಆರು ಗೋಲು ಬಿಟ್ಟುಕೊಟ್ಟದ್ದು ನನಗೆ ಅಷ್ಟಾಗಿ ಕಾಡುತ್ತಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಆ ಇನ್ನೊಂದು ಅಂಕಿ.

ಐಸ್ ಹಾಕಿ ನೋಡದ ಊರಿನ ಗೆಳೆಯರಿಗಾಗಿ ಒಂದು ಮಾತು. ಈ ಆಟದ ಎನ್‌ಎಚ್‌ಎಲ್ ಲೀಗಿನ ಪ್ಲೇಆಫ್‌ನಲ್ಲಿ ಪ್ರತಿ ಸುತ್ತೂ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಇಬ್ಬರೂ ಮೂರು ಮೂರು ಗೆದ್ದರೆ ಏಳನೆಯ ಪಂದ್ಯ. ಈಗ 2019ರಿಂದೀಚಿನ ಲೀಫ್ಸ್‌ನ ಲೆಕ್ಕ ನೋಡಿ. 2019ರಲ್ಲಿ ಬಾಸ್ಟನ್ ವಿರುದ್ಧ ಏಳನೆಯ ಪಂದ್ಯದಲ್ಲಿ ಹೊಡೆದದ್ದು ಒಂದು ಗೋಲು. 2021ರಲ್ಲಿ ಮಾಂಟ್ರಿಯಲ್ ವಿರುದ್ಧ, ಅದೂ ಸರಣಿಯಲ್ಲಿ 3-1ರಿಂದ ಮುಂದಿದ್ದು ಕೈಚೆಲ್ಲಿದ ಮೇಲೆ, ಒಂದು. 2022ರಲ್ಲಿ ಟ್ಯಾಂಪಾ ಬೇ ವಿರುದ್ಧ ಒಂದು. 2024ರಲ್ಲಿ ಮತ್ತೆ ಬಾಸ್ಟನ್ ವಿರುದ್ಧ, ಹೆಚ್ಚುವರಿ ಅವಧಿಯವರೆಗೂ ಎಳೆದು, ಒಂದು. ನಿನ್ನೆಯೂ ಒಂದು. 2020ರಲ್ಲಿ ಕೊಲಂಬಸ್ ವಿರುದ್ಧ ಐದೇ ಪಂದ್ಯಗಳ ಸರಣಿಯಿತ್ತು, ಅದರ ನಿರ್ಣಾಯಕ ಪಂದ್ಯದಲ್ಲಿ ಸೊನ್ನೆ. ಸರಾಸರಿ ಇನ್ನೂ ಇಳಿಯುತ್ತದೆಂದು ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ನಿನ್ನೆ ಪಂದ್ಯಕ್ಕೆ ಮೊದಲು ಊಟಕ್ಕೆ ಕುಳಿತಾಗ, ಎಷ್ಟು ಗೋಲು ಆಗಬಹುದೆಂದು ಮಗಳನ್ನು ಕೇಳಿದೆ. ಅವಳಿಗೆ ಹದಿನಾಲ್ಕು ವರ್ಷ. ಚಪಾತಿಯಿಂದ ತಲೆ ಎತ್ತದೆ, "ಒಂದು ಹೊಡೀತಾರೆ ಅಪ್ಪ, ಅಷ್ಟೇ" ಎಂದಳು. ಮೊದಲ ಅವಧಿ ಗೋಲಿಲ್ಲದೆ ಮುಗಿಯಿತು. ಎರಡನೆಯ ಅವಧಿಯಲ್ಲಿ ಫ್ಲೋರಿಡಾ ಮೂರು ಹೊಡೆದಾಗ ಅವಳು ತಟ್ಟೆ ತೊಳೆದಿಟ್ಟು, ಒಂದು ಮಾತೂ ಆಡದೆ ಮಹಡಿಗೆ ಹೋದಳು. ಮೂರನೆಯ ಅವಧಿಯ ಆರಂಭದಲ್ಲಿ ಮ್ಯಾಕ್ಸ್ ಡೋಮಿ ಒಂದು ಗೋಲು ಹೊಡೆದು ನಾನು ಹುಚ್ಚನಂತೆ ಕೂಗಿಕೊಂಡಾಗ ಮೇಲಿನಿಂದ ಅವಳ ದನಿ ಕೇಳಿಸಿತು: "ಆಯ್ತಲ್ಲ, ಇವತ್ತಿನ ಕೋಟಾ ಮುಗೀತು." ಒಂದು ನಿಮಿಷ ಕಳೆಯುವುದರೊಳಗೆ ಫ್ಲೋರಿಡಾ ನಾಲ್ಕನೆಯದನ್ನು ಹೊಡೆಯಿತು. ಮಕ್ಕಳು ಸಿಟ್ಟಾದರೆ ಸಮಾಧಾನ ಹೇಳಬಹುದು. ಹದಿನಾಲ್ಕರ ಮಗು ಇಷ್ಟು ನಿರ್ಲಿಪ್ತವಾಗಿ ಸರಿಯಾದ ಉತ್ತರ ಹೇಳಿದರೆ ತಂದೆಯಾದವನು ಏನು ಮಾಡಬೇಕು?

ರಕ್ಷಣೆಯನ್ನೇ ನೆಚ್ಚಿದ ಬಡ ತಂಡವಾಗಿದ್ದರೆ ಈ ಒಂದು ಗೋಲನ್ನು ಕ್ಷಮಿಸಿಬಿಡುತ್ತಿದ್ದೆ. ಲೀಗಿನಲ್ಲಿ ಪ್ರತಿ ತಂಡದ ವೇತನಕ್ಕೂ ಒಂದು ಮಿತಿಯಿದೆ. 2024-25ರ ಸಾಲಿನಲ್ಲಿ ಅದು 8.8 ಕೋಟಿ ಡಾಲರ್ ಇತ್ತು. ಅದರಲ್ಲಿ ಆಸ್ಟನ್ ಮ್ಯಾಥ್ಯೂಸ್, ವಿಲಿಯಂ ನೈಲಾಂಡರ್, ಜಾನ್ ಟವಾರೆಸ್, ಮಿಚ್ ಮಾರ್ನರ್ ಎಂಬ ನಾಲ್ವರಿಗೇ 4.6 ಕೋಟಿ ಮೀರಿ ಸಂದಿದೆ. ಅಂದರೆ ತಂಡದ ಅರ್ಧಕ್ಕಿಂತ ಹೆಚ್ಚು ಹಣವನ್ನು ಗೋಲು ಹೊಡೆಯುವುದಕ್ಕೆಂದೇ ನಾಲ್ಕು ಜನರಿಗೆ ಕೊಟ್ಟು, ಗೋಲ್‌ಕೀಪರ್‌ಗಳನ್ನೂ ರಕ್ಷಣೆಯವರನ್ನೂ ಉಳಿದ ಚಿಲ್ಲರೆಯಲ್ಲಿ ಕೊಂಡು ತಂದಿದ್ದಾರೆ. ಮ್ಯಾಥ್ಯೂಸ್ ಕಳೆದ ಸಾಲಿನ ಲೀಗ್ ಹಂತದಲ್ಲಿ 69 ಗೋಲು ಹೊಡೆದವನು. 2016ರಲ್ಲಿ ತನ್ನ ಮೊತ್ತಮೊದಲ ಪಂದ್ಯದಲ್ಲೇ ಒಟ್ಟಾವಾ ವಿರುದ್ಧ ನಾಲ್ಕು ಹೊಡೆದಿದ್ದ. ಆ ರಾತ್ರಿ ಐದು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಾನು ಮನೆಯೆಲ್ಲ ಕುಣಿದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ವಿಡಿಯೊ ಇಲ್ಲೇ ಎಲ್ಲೋ ಇದೆ. ಅಂಥವನೂ ಅವನ ಜೊತೆಗಾರ ಮಾರ್ನರನೂ 2018ರಿಂದ ನಿನ್ನೆಯವರೆಗೆ ಆರು ಏಳನೆಯ ಪಂದ್ಯಗಳನ್ನು ಆಡಿದ್ದಾರೆ. ಆರೂ ಪಂದ್ಯಗಳಲ್ಲಿ ಇಬ್ಬರೂ ಸೇರಿ ಹೊಡೆದ ಗೋಲುಗಳ ಸಂಖ್ಯೆ ಸೊನ್ನೆ. ಹಾಗಾದರೆ ಆ ಒಂದೊಂದು ಗೋಲನ್ನು ಹೊಡೆದವರು ಯಾರು ಎಂದರೆ ಟವಾರೆಸ್, ನೈಲಾಂಡರ್ ಎರಡು ಸಲ, ರಕ್ಷಣೆಯ ಮಾರ್ಗನ್ ರೀಲಿ, ಈಗ ಡೋಮಿ. ಎಂಬತ್ತೆರಡು ಪಂದ್ಯಗಳ ಲೀಗ್ ಹಂತದಲ್ಲಿ ಸುರಿಯುವ ಮಳೆ ಬಿತ್ತನೆಯ ದಿನವೇ ಕೈಕೊಡುವುದೆಂದರೆ ಇದೇ.

ನಾನು ಈ ಊರಿಗೆ ಬಂದದ್ದು 2004ರ ಜನವರಿಯಲ್ಲಿ, ಕೈಯಲ್ಲಿ ಎರಡು ಸೂಟ್‌ಕೇಸು, ಮೈಮೇಲೆ ಗೋಣಿಕೊಪ್ಪದಲ್ಲಿ ಹೊಲಿಸಿದ ಕೋಟು. ಏಪ್ರಿಲ್‌ನಲ್ಲಿ ಲೀಫ್ಸ್ ಒಟ್ಟಾವಾ ಸೆನೆಟರ್ಸ್ ತಂಡವನ್ನು ಏಳನೆಯ ಪಂದ್ಯದಲ್ಲಿ 4-1ರಿಂದ ಸೋಲಿಸಿತು. ಅಪರಿಚಿತರು ಬಸ್ಸಿನಲ್ಲಿ ನನ್ನ ಬೆನ್ನು ತಟ್ಟಿದರು. ಈ ಊರಿನಲ್ಲಿ ಹೀಗೇ ನಡೆಯುತ್ತದೆ, ಏಳನೆಯ ಪಂದ್ಯ ಬರುತ್ತದೆ, ನಮ್ಮವರು ಗೆಲ್ಲುತ್ತಾರೆ ಎಂದು ಮುಗ್ಧನಾಗಿ ನಂಬಿದೆ. ಅದಾದ ಮೇಲೆ ಲೀಫ್ಸ್ ಏಳು ಏಳನೆಯ ಪಂದ್ಯಗಳನ್ನು ಆಡಿದೆ, ಏಳನ್ನೂ ಸೋತಿದೆ. 2004-05ರ ಸಾಲಿನಲ್ಲಂತೂ ಮಾಲೀಕರಿಗೂ ಆಟಗಾರರಿಗೂ ವೇತನದ ಜಗಳವಾಗಿ ಇಡೀ ಲೀಗೇ ರದ್ದಾಯಿತು. ಹಿಂತಿರುಗಿ ನೋಡಿದರೆ ಲೀಫ್ಸ್ ಸೋಲದ ವರ್ಷ ಅದೊಂದೇ ಎನ್ನಿಸುತ್ತದೆ.

2013ರ ಸೋಲನ್ನು ಇಲ್ಲಿ ಬಿಡಿಸಿ ಬರೆಯಲು ಈಗಲೂ ಕೈ ಬರುವುದಿಲ್ಲ. ಬಾಸ್ಟನ್‌ನಲ್ಲಿ ಮೂರನೆಯ ಅವಧಿಯಲ್ಲಿ ನಮ್ಮವರು 4-1ರಿಂದ ಮುಂದಿದ್ದರು. ಮಲಗಿದ್ದ ಮಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವಳು ಎದ್ದುಬಿಡುತ್ತಾಳೆಂದು ಸದ್ದಿಲ್ಲದೆ ಮುಷ್ಟಿ ಬಿಗಿದು ಸಂಭ್ರಮಿಸುತ್ತಿದ್ದೆ. ಬಾಸ್ಟನ್ ಮೊದಲು ಒಂದು ಗೋಲು ಹಿಂತಿರುಗಿಸಿತು, ಕೊನೆಯ ಒಂದೂವರೆ ನಿಮಿಷದಲ್ಲಿ ಇನ್ನೆರಡು ಹೊಡೆದು ಸಮ ಮಾಡಿತು, ಹೆಚ್ಚುವರಿ ಅವಧಿಯಲ್ಲಿ ಪಟ್ರೀಸ್ ಬರ್ಜರಾನ್ ಮುಗಿಸಿದ. ಆ ರಾತ್ರಿಯ ಮೇಲೆ ನನಗಿರುವ ಒಂದೇ ಗೌರವವೆಂದರೆ, ಅಂದು ನಮ್ಮವರು ನಾಲ್ಕು ಗೋಲಾದರೂ ಹೊಡೆದಿದ್ದರು.

ಆ ಬಾಸ್ಟನ್ ತಂಡದಲ್ಲಿದ್ದ ಬ್ರ್ಯಾಡ್ ಮಾರ್ಶಾಂಡ್ 2018ರಲ್ಲೂ 2019ರಲ್ಲೂ 2024ರಲ್ಲೂ ನಮ್ಮನ್ನು ಏಳನೆಯ ಪಂದ್ಯದಲ್ಲಿ ಮನೆಗೆ ಕಳುಹಿಸಿದ. ಈ ಮಾರ್ಚ್‌ನಲ್ಲಿ ಬಾಸ್ಟನ್ ಅವನನ್ನು ಫ್ಲೋರಿಡಾಕ್ಕೆ ಕೊಟ್ಟಾಗ ಪೀಡೆ ತೊಲಗಿತೆಂದು ನಾನು ಆಫೀಸಿನಲ್ಲಿ ಸಿಹಿ ಹಂಚಿದ್ದೆ. ನಿನ್ನೆ ಅವನು ಐದನೆಯ ಸಲ ನಮ್ಮನ್ನು ಕಳುಹಿಸಿಕೊಟ್ಟ, ಕೊನೆಯ ಗೋಲನ್ನೂ ತಾನೇ ಹೊಡೆದ. ಆ ಸಿಹಿ ತಿಂದವರೆಲ್ಲ ನಾಳೆ ನನ್ನ ಮೇಜಿನ ಬಳಿ ಬರುತ್ತಾರೆಂಬುದು ಖಚಿತ.

ಇನ್ನು ಸಮಾಧಾನ ಹೇಳುವವರ ವಿಚಾರ. ಬೆಳಿಗ್ಗೆಯಿಂದ ಮೂವರು ಸಂದೇಶ ಕಳುಹಿಸಿದ್ದಾರೆ. ಫ್ಲೋರಿಡಾ ಹೋದ ವರ್ಷದ ಚಾಂಪಿಯನ್, ಬಾಬ್ರೋವ್‌ಸ್ಕಿಯಂಥ ಗೋಲ್‌ಕೀಪರ್ ಇದ್ದಾನೆ, ಸೋಲುವುದರಲ್ಲಿ ಅವಮಾನವೇನು ಎನ್ನುತ್ತಾರೆ ಒಬ್ಬರು. ಮಾತು ನಿಜ. ಆದರೆ ಇದೇ ಲೀಫ್ಸ್ ಈ ಸಾಲಿನಲ್ಲಿ 108 ಅಂಕ ಗಳಿಸಿ ಅದೇ ಫ್ಲೋರಿಡಾ ಇರುವ ವಿಭಾಗದಲ್ಲಿ ಮೊದಲ ಸ್ಥಾನ ಪಡೆದ ತಂಡ. ಅಲ್ಲದೆ 2021ರ ಮಾಂಟ್ರಿಯಲ್ ಯಾವ ಚಾಂಪಿಯನ್ ಆಗಿತ್ತು? ಎದುರಾಳಿಗಳು ಬದಲಾಗುತ್ತಾರೆ, ಗೋಲ್‌ಕೀಪರ್‌ಗಳು ಬದಲಾಗುತ್ತಾರೆ, ಬದಲಾಗದೆ ಉಳಿಯುವುದು ಆ ಒಂದೇ. ಎದುರಾಳಿ ಗೋಲ್‌ಕೀಪರ್‌ನ ಮಾತು ಎತ್ತಿದ್ದೇ ತಪ್ಪಾಯಿತು. 2020ರ ಫೆಬ್ರುವರಿಯಲ್ಲಿ ಕ್ಯಾರೊಲೈನಾ ತಂಡದ ಇಬ್ಬರು ಗೋಲ್‌ಕೀಪರ್‌ಗಳೂ ಗಾಯಗೊಂಡಾಗ, ರಿಂಕಿನ ಮಂಜು ನಯ ಮಾಡುವ ಜಾಂಬೋನಿ ಯಂತ್ರ ಓಡಿಸುತ್ತಿದ್ದ ಡೇವಿಡ್ ಏರ್ಸ್ ಎಂಬ 42 ವರ್ಷದ ವ್ಯಕ್ತಿಯನ್ನು ತುರ್ತಾಗಿ ಗೋಲಿನ ಮುಂದೆ ನಿಲ್ಲಿಸಲಾಯಿತು. ನಮ್ಮವರ ಮೊದಲ ಎರಡು ಹೊಡೆತ ಗೋಲಾದವು. ಆಮೇಲಿನ ಎಂಟನ್ನೂ ಆ ಪುಣ್ಯಾತ್ಮ ತಡೆದ, ಪಂದ್ಯ ಗೆದ್ದ. ಹಾಗಾಗಿ ಬಾಬ್ರೋವ್‌ಸ್ಕಿಯ ಕಥೆಯನ್ನು ನನ್ನ ಮುಂದೆ ಹೇಳಬೇಡಿ.

ಇನ್ನೊಬ್ಬರು ಶಾಪದ ಮಾತನ್ನಾಡಿದರು. ಶಾಪದ ಕಥೆಗಳು ಈ ತಂಡಕ್ಕೆ ಹೊಸದಲ್ಲ. 1951ರಲ್ಲಿ ಹೆಚ್ಚುವರಿ ಅವಧಿಯ ಗೋಲಿನಿಂದ, ಲೀಗಿನ ಚಾಂಪಿಯನ್‌ಗೆ ಸಲ್ಲುವ ಸ್ಟ್ಯಾನ್ಲಿ ಕಪ್ ಗೆಲ್ಲಿಸಿದ ಬಿಲ್ ಬರಿಲ್ಕೊ ಅದೇ ಬೇಸಿಗೆಯಲ್ಲಿ ಮೀನು ಹಿಡಿಯಲು ಹೋಗಿ, ಹಿಂತಿರುಗುವಾಗ ಪುಟ್ಟ ವಿಮಾನದ ಸಮೇತ ಕಾಣೆಯಾದ. ಲೀಫ್ಸ್ ಮತ್ತೆ ಕಪ್ ಗೆದ್ದದ್ದು 1962ರಲ್ಲಿ. ಅವನ ಅವಶೇಷ ಕಾಡಿನಲ್ಲಿ ಸಿಕ್ಕಿದ್ದು ಅದೇ ವರ್ಷ. ಕೇಳಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಆದರೆ ಶಾಪ ಎಂದುಬಿಟ್ಟರೆ ಎಲ್ಲರ ಹೊಣೆಯೂ ಇಳಿದುಹೋಗುತ್ತದೆ. ನಮ್ಮ ಕಡೆ ಮಳೆ ಬಾರದಿದ್ದರೆ ಕಪ್ಪೆ ಮದುವೆ ಮಾಡಿಸಿ, ಕೆರೆಯ ಹೂಳನ್ನು ಹಾಗೆಯೇ ಬಿಡುವಂತೆ. ಕೊನೆಯ ಕಪ್ 1967ರದ್ದು, ಆಗ ಲೀಗಿನಲ್ಲಿದ್ದ ತಂಡಗಳೇ ಆರು. ಈಗ 32 ಇವೆ. 58 ವರ್ಷಗಳ ಬರಕ್ಕೆ ದೇವರನ್ನು ಹೊಣೆ ಮಾಡುವ ಮೊದಲು, ಸೋಲಿನ ಮೇಲೆ ಸೋಲಾದರೂ ಅದೇ ನಾಲ್ವರನ್ನು ಇಟ್ಟುಕೊಂಡು ಬಂದವರನ್ನು ಕೇಳಬೇಕು. ತರಬೇತುದಾರರನ್ನು ಬದಲಿಸಿದರು, ವ್ಯವಸ್ಥಾಪಕರನ್ನು ಬದಲಿಸಿದರು, ಆ ನಾಲ್ವರ ತಂಟೆಗೆ ಮಾತ್ರ ಹೋಗಲಿಲ್ಲ.

ಈ ನಗರದ ಒತ್ತಡ ಯಾರನ್ನಾದರೂ ಮುರಿಯುತ್ತದೆ ಎಂಬುದು ಮೂರನೆಯವರ ವಾದ. ಇದಕ್ಕೆ ಉತ್ತರ ಕೊಡಬೇಕಾದರೆ ಅಪ್ಪನ ವಿಷಯ ಹೇಳಬೇಕು. ಅಪ್ಪನಿಗೆ ಐಸ್ ಹಾಕಿ ಇಂದಿಗೂ ಪೂರ್ತಿ ಒಪ್ಪಿಗೆಯಿಲ್ಲ, ಹುಲ್ಲಿಲ್ಲದ ಕಡೆ ಹಾಕಿ ಹೇಗಾದೀತು ಎಂಬುದು ಅವರ ನಿಲುವು. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಆರಂಭವಾದಾಗ ಶಾಲೆಗೆ ರಜೆ ಹಾಕಿ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಒಂದೇ ಮನೆತನದ ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡುವ ಹಬ್ಬ ಅದು. ಸೋತವರು ಅಂದೇ ಹೊರಗೆ. ಒತ್ತಡದ ಮಾತನ್ನು ನಾನೇ ಒಮ್ಮೆ ಅವರ ಮುಂದೆ ಎತ್ತಿದಾಗ ಅಪ್ಪ, "ನಮ್ಮ ಹಬ್ಬದಲ್ಲಿ ಎಲ್ಲಾ ಪಂದ್ಯವೂ ಏಳನೆಯ ಪಂದ್ಯವೇ ಕಣೋ. ಸೋತರೆ ಮುಂದಿನ ವರ್ಷದವರೆಗೆ ಮನೆಯ ಹೆಸರಿಗೆ ಮಾತು ಕೇಳಬೇಕು. ಅವರಿಗೆ ಯಾರು ಕೋಟಿ ಕೊಡ್ತಾರೆ?" ಎಂದಿದ್ದರು. ಆ ಮೇಲೆ ಒತ್ತಡದ ವಾದವನ್ನು ನಾನು ಕೈಬಿಟ್ಟೆ.

ಪಂದ್ಯ ಮುಗಿಯುವ ಮೊದಲೇ ಪ್ರೇಕ್ಷಕರು ಜೆರ್ಸಿಗಳನ್ನು ಕಿತ್ತು ಮಂಜಿನ ಮೇಲೆ ಎಸೆದರು. ಇದು ಅಸಭ್ಯ ಎಂದು ಹಲವರು ಬರೆಯುತ್ತಿದ್ದಾರೆ, ಬರೆಯಲಿ. ನನ್ನಲ್ಲಿ ಟವಾರೆಸ್ ಹೆಸರಿನ 91ರ ಜೆರ್ಸಿಯಿದೆ. 2018ರಲ್ಲಿ ತಂಡಕ್ಕೆ ಸೇರಿದ ದಿನ ಅವನು ತನ್ನ ಬಾಲ್ಯದ ಚಿತ್ರವೊಂದನ್ನು ಹಂಚಿಕೊಂಡಿದ್ದ. ಲೀಫ್ಸ್ ಚಿಹ್ನೆಯ ಹಾಸಿಗೆಯಲ್ಲಿ ಮಲಗಿರುವ ಹುಡುಗ. ಅದನ್ನು ನೋಡಿ ಕಣ್ಣು ತುಂಬಿ, ಆ ವಾರದ ದಿನಸಿಯ ಹಣದಲ್ಲಿ ಕೊಂಡದ್ದು ಇದು. ಮನೆಯಾಕೆಗೆ ನಿಜವಾದ ಬೆಲೆ ಇಂದಿಗೂ ಗೊತ್ತಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ. ನಿನ್ನೆ ನಾನು ಅರೀನಾದಲ್ಲಿದ್ದಿದ್ದರೆ ಎಸೆಯುತ್ತಿದ್ದೆನೆ? ಖಂಡಿತ ಎಸೆಯುತ್ತಿದ್ದೆ, ಎಸೆದ ಮೇಲೆ ಹೋಗಿ ವಾಪಸು ಕೊಡಿ ಎಂದು ಅಂಗಲಾಚುತ್ತಲೂ ಇದ್ದೆ. ಮೇ ತಿಂಗಳಾದರೂ ಚಳಿ ಬಿಟ್ಟಿಲ್ಲವಾದ್ದರಿಂದ ಈಗ ಅದನ್ನೇ ತೊಟ್ಟು ಕುಳಿತಿದ್ದೇನೆ, ಬೇರೆ ಅರ್ಥ ಕಲ್ಪಿಸಬೇಡಿ.

ನಮ್ಮದು ಜೋಡಿಮನೆಯಾದ್ದರಿಂದ ಪಕ್ಕದ ಪಂಜಾಬಿ ಹಿರಿಯರ ಟಿವಿ ಗೋಡೆಯಾಚೆಯಿಂದ ಕೇಳಿಸುತ್ತದೆ. 2008ರಲ್ಲಿ ಶುರುವಾದ ಪಂಜಾಬಿ ವೀಕ್ಷಕ ವಿವರಣೆಯಿಂದ ನನಗೂ ನಾಲ್ಕು ಪಂಜಾಬಿ ಪದಗಳು ಬಂದಿವೆ. ಕನ್ನಡದಲ್ಲಿ ಏಕಿಲ್ಲ ಎಂದು ಮೊದಲು ಬೇಸರಿಸುತ್ತಿದ್ದೆ. ಈ ತಂಡದ ಏಳನೆಯ ಪಂದ್ಯಕ್ಕೆ 'ಅಯ್ಯೋ' ಒಂದೇ ಸಾಕಾಗುವುದರಿಂದ ಆ ಬೇಡಿಕೆಯನ್ನು ಹಿಂತೆಗೆದುಕೊಂಡಿದ್ದೇನೆ.

ನಿನ್ನೆಯೇ ಆರ್‌ಸಿಬಿ ಪ್ಲೇಆಫ್‌ಗೆ ಹೋದದ್ದಕ್ಕೆ ನಮ್ಮ ಶಾಲೆಯ ಗುಂಪಿನಲ್ಲಿ 'ಈ ಸಲ ಕಪ್ ನಮ್ದೇ' ಎಂಬ ಸಂದೇಶಗಳು ಸುರಿಯುತ್ತಿವೆ. ಹದಿನೆಂಟನೆಯ ಸಾಲಿಗೇ ಇಷ್ಟು ಗೋಳಾಡುವ ನೀವು 58 ವರ್ಷದವರ ಮುಂದೆ ದುಃಖ ಹೇಳಿಕೊಳ್ಳುವುದು ಸರಿಯೇ ಎಂದು ಅಲ್ಲಿ ಬರೆದು, ಆಮೇಲೆ ಅಳಿಸಿದೆ. ನನ್ನ ಬಾಯಿ ನೆಟ್ಟಗಿಲ್ಲ, ಅವರಿಗಾದರೂ ಒಳ್ಳೆಯದಾಗಲಿ.

ಪಂದ್ಯ ಮುಗಿದಾಗ ಇಲ್ಲಿ ರಾತ್ರಿ ಹತ್ತು ದಾಟಿತ್ತು, ಅಲ್ಲಿ ಬೆಳಗಿನ ಕಾಫಿಯ ಹೊತ್ತು. ಅಪ್ಪನ ಕರೆ ಬಂತು.

"ಎಷ್ಟು ಹೊಡೆದರು?"

"ಒಂದು."

ಸ್ವಲ್ಪ ಹೊತ್ತು ಕಾಫಿ ಹೀರುವ ಸದ್ದು ಮಾತ್ರ ಕೇಳಿಸಿತು.

"ಹೋದ ವರ್ಷ ಹೊಡೆದದ್ದೇ ಒಂದಾ, ಇದು ಬೇರೆ ಒಂದಾ?"